ಸೋನಾಬಾಯಿ ಬಾಗಿಲ ಹಿಂದೆ ಎಳೆದ ಗೆರೆಗಳು

ಸೋನಾಬಾಯಿಗೆ ಅಕ್ಷರ ಬರುತ್ತಿರಲಿಲ್ಲ. ನನಗೆ ಮೂರನೆಯ ಇಯತ್ತೆಯಷ್ಟು ಬರುತ್ತದೆ. ಹಾಗಾಗಿ ಅವಳ ಸುದ್ದಿಯನ್ನು ನಾನೇ ಬರೆಯಬೇಕಾಯಿತು. ಕಣ್ಣಾರೆ ಕಂಡದ್ದನ್ನು ಬರೆದಿದ್ದೇನೆ. ಕೇಳಿದ್ದನ್ನು ಬರೆದ ಕಡೆ, ಕೇಳಿದ್ದು ಎಂದು ಹೇಳಿದ್ದೇನೆ.

ಚಿಕ್ಕೋಡಿಯ ಹೊರಗೆ, ಹಿಟ್ಟಿನ ಗಿರಣಿಗೆ ಹೋಗುವ ದಾರಿಯಲ್ಲಿ, ಹಳ್ಳಿಯ ಹುಡುಗರಿಗಾಗಿ ಒಂದು ಬೋರ್ಡಿಂಗ್ ಇತ್ತು. ಐದನೆಯ ಇಯತ್ತೆಯಿಂದ ಹತ್ತನೆಯ ಇಯತ್ತೆಯವರೆಗೆ ಅರವತ್ತೆರಡು ಹುಡುಗರು. ಅಡುಗೆಗೆ ನಾವಿಬ್ಬರು, ಸೋನಾಬಾಯಿ ಮತ್ತು ನಾನು. ಒಬ್ಬ ಹುಡುಗನಿಗೆ ಹೊತ್ತಿಗೆ ಮೂರು ಜೋಳದ ರೊಟ್ಟಿ. ಅಲ್ಲಿಗೆ ಹೊತ್ತಿಗೆ ನೂರಾ ಎಂಬತ್ತಾರು. ತೊಂಬತ್ತಮೂರು ಅವಳು ಬಡಿಯುತ್ತಿದ್ದಳು, ತೊಂಬತ್ತಮೂರು ನಾನು. ಅವಳು ಮರಾಠಿಯಲ್ಲಿ ಎಣಿಸುತ್ತಿದ್ದಳು, ನಾನು ಕನ್ನಡದಲ್ಲಿ. ಕೊನೆಗೆ ಲೆಕ್ಕ ಕೂಡಿಯೇ ಕೂಡುತ್ತಿತ್ತು.

ಅವಳು ಕೊಗನೊಳ್ಳಿಯವಳು. ಗಂಡ ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸಕ್ಕಿದ್ದ, ಕೆಮ್ಮಿ ಕೆಮ್ಮಿ ತೀರಿಕೊಂಡ. ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು ಬೋರ್ಡಿಂಗಿಗೆ ಬಂದಳು. ಎತ್ತರದ ಹೆಂಗಸು, ಮಾತು ಕಡಿಮೆ. ಹುಡುಗರು ಅವಳನ್ನು, ಮರಾಠಿಯಲ್ಲಿ ಚಿಕ್ಕವ್ವನಿಗೆ ಅನ್ನುವಂತೆ, ಮಾವಶಿ ಎನ್ನುತ್ತಿದ್ದರು. ಬೈದರೂ ದನಿ ಏರಿಸುತ್ತಿರಲಿಲ್ಲ. "ಏ ರಾಜಾ, ಗಂಗಾಳ ಬಡೀಬ್ಯಾಡ. ಗಂಗಾಳ ಬಡದ್ರ ರೊಟ್ಟಿ ಲಗೂನ ಬೇಯಂಗಿಲ್ಲ," ಎನ್ನುವಳು. ಹುಡುಗ ನಾಚಿ ಸುಮ್ಮನಾಗುತ್ತಿದ್ದ.

ಎಂಬತ್ತಾರನೆಯ ಇಸವಿಯ ಜೂನಿನಲ್ಲಿ ಅಥಣಿ ಕಡೆಯಿಂದ ಹೊಸ ವಾರ್ಡನ್ ಬಂದರು, ವಿರುಪಾಕ್ಷಪ್ಪನವರು. ಕೆಟ್ಟವರಲ್ಲ. ತಣ್ಣೀರು ಸ್ನಾನ, ಬಿಳಿ ಅಂಗಿ, ಹೊತ್ತಿಗೆ ಸರಿಯಾಗಿ ಗಂಟೆ. ಬಂದ ವಾರವೇ ಎರಡು ನೇಮ ಮಾಡಿದರು. ಎಲ್ಲ ಹುಡುಗರೂ ನಸುಕಿನ ನಾಲ್ಕೂವರೆಗೆ ಎದ್ದು ಓದಬೇಕು. ಜಗಳಾಡಿದವನಿಗೆ ಆ ಸಂಜೆಯ ಊಟ ಬಂದ್.

ಮೊದಲನೆಯ ನೇಮಕ್ಕೆ ಸೋನಾಬಾಯಿ ಏನೂ ಅನ್ನಲಿಲ್ಲ. ಎರಡನೆಯದನ್ನು ಕೇಳಿದಾಗ ಕೈಯಲ್ಲಿದ್ದ ರೊಟ್ಟಿಯನ್ನು ಬಡಿಯುವುದು ನಿಲ್ಲಿಸಿದಳು. ಏಳು ವರ್ಷದಲ್ಲಿ ಅವಳ ಕೈ ನಡುವೆ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ವರ್ಷ ಒಂಬತ್ತನೆಯ ಇಯತ್ತೆಯಲ್ಲಿ ನಾಮದೇವ ಎಂಬ ಹುಡುಗನಿದ್ದ. ಏಕಸಂಬಿಯವನು. ಅಪ್ಪ ಸತ್ತೆಪ್ಪ ಬೇರೆಯವರ ಹೊಲದಲ್ಲಿ ದುಡಿಯುವವನು, ಸುಗ್ಗಿ ಬಂದರೆ ಹೆಂಡತಿಯೊಂದಿಗೆ ಶಿರಗುಪ್ಪಿ ಕಡೆ ಕಬ್ಬು ಕಡಿಯಲು ಹೋಗುವವನು. ಐದನೆಯ ಇಯತ್ತೆಗೆ ಬಂದಾಗ ನಾಮದೇವ ಇದ್ದಾನೋ ಇಲ್ಲವೋ ಅನ್ನುವಷ್ಟು ಮೆತ್ತಗಿದ್ದ. ಗಣಿತದಲ್ಲಿ ಮೂರು ವರ್ಷ ಮೊದಲನೆಯವನು. ಆ ಮಳೆಗಾಲ ಒಂದರಲ್ಲೇ ನಾಲ್ಕು ಬೆರಳು ಎತ್ತರ ಬೆಳೆದ, ದನಿ ಒಡೆಯಿತು, ಜೊತೆಗೆ ಹುಡುಗನೇ ಬೇರೆಯಾದ. ಒಂದು ಮಾತು ಅಂದರೆ ನಾಲ್ಕು ತಿರುಗಿಸಿ ಅನ್ನುವನು. ಸಾಲಿನಲ್ಲಿ ಮುಂದೆ ನಿಂತವನ ಬೆನ್ನಿಗೆ ತಂಬಿಗೆಯಿಂದ ಹೊಡೆದ. ಕಂದೀಲಿನ ಗಾಜು ಒಡೆದ. ಯಾಕೆ ಎಂದು ಕೇಳಿದರೆ, "ಗೊತ್ತಿಲ್ರಿ," ಎನ್ನುವನು. ಸುಳ್ಳು ಹೇಳುತ್ತಿದ್ದಾನೆ ಎಂದು ವಾರ್ಡನ್ನರಿಗೆ ಸಿಟ್ಟು ಬರುತ್ತಿತ್ತು.

"ಖರೇನ ಗೊತ್ತಿಲ್ಲ ಅವಗ," ಎಂದು ಸೋನಾಬಾಯಿ ನನಗೆ ಹೇಳಿದಳು. "ಮಾರಿ ನೋಡ ಅಕ್ಕವ್ವಾ. ಕೈ ಮಾಡಿದ ಮ್ಯಾಲ ಅವನೇ ಬೆರಗಾಗಿ ನಿಂದರತಾನ."

ಗಣೇಶ ಚೌತಿಯ ಮರುದಿನದಿಂದ ಅವಳು ಉಗ್ರಾಣದ ಬಾಗಿಲ ಹಿಂದೆ ಇದ್ದಿಲಿನಿಂದ ಗೆರೆ ಎಳೆಯತೊಡಗಿದಳು. ಎಲ್ಲೇ ಜಗಳವಾಗಲಿ, ಯಾರೇ ಗಂಗಾಳ ಎಸೆಯಲಿ, ಒಂದು ಗೆರೆ. ಬೆಳಗಿನ ಊಟದ ಮುಂಚೆಯಾದರೆ ಬಾಗಿಲ ಮೇಲ್ಭಾಗದಲ್ಲಿ, ಸಂಜೆ ಊಟದ ಮುಂಚೆಯಾದರೆ ನಡುವೆ, ಉಂಡ ಮೇಲಾದರೆ ಕೆಳಗೆ. ಮೊದಲು ನನಗೆ ನಗು ಬಂತು.

"ಏನವಾ ಇದು, ಹಾಲಿನವನ ಲೆಕ್ಕಾನು?"

"ನಗಬ್ಯಾಡ. ದೀಪಾವಳಿ ಮಟಾ ಎಳ್ಯೂಣು."

ಎಳೆದಳು. ದೀಪಾವಳಿ ರಜೆಗೆ ಹುಡುಗರು ಊರಿಗೆ ಹೋದ ದಿನ ಇಬ್ಬರೂ ನಿಂತು ಎಣಿಸಿದೆವು. ಒಟ್ಟು ನಲವತ್ತೊಂದು. ಮೇಲೆ ಒಂಬತ್ತು, ನಡುವೆ ಇಪ್ಪತ್ತೊಂಬತ್ತು, ಕೆಳಗೆ ಮೂರು. ಆ ಮೂರರಲ್ಲಿ ಒಂದು, ಹುಡುಗ ಉಂಡಿದ್ದನೋ ಇಲ್ಲವೋ ನಮಗೆ ನೆನಪಿರಲಿಲ್ಲ.

ನಡುವಿನ ಇಪ್ಪತ್ತೊಂಬತ್ತು ಯಾಕೆ ಎಂದು ಹೇಳುತ್ತೇನೆ. ನಮ್ಮ ಪಡಸಾಲೆಯಲ್ಲಿ ಒಂದು ಪಂಕ್ತಿಗೆ ಇಪ್ಪತ್ತೆರಡು ಹುಡುಗರು ಹಿಡಿಯುತ್ತಿದ್ದರು. ಸಣ್ಣವರು ಮೊದಲು ಎಂಬುದು ಮೊದಲಿನಿಂದ ಬಂದ ಪದ್ಧತಿ. ಸಣ್ಣವರು ಏಳೂವರೆಗೆ ಕೂತರೆ ಒಂಬತ್ತನೆಯ, ಹತ್ತನೆಯ ಇಯತ್ತೆಯವರ ಪಾಳಿ ಬರುವಾಗ ಎಂಟೂಮುಕ್ಕಾಲು. ಅವರು ಹಿಂದೆ ಉಂಡದ್ದು ಬೆಳಿಗ್ಗೆ ಹತ್ತಕ್ಕೆ, ಶಾಲೆಗೆ ಹೋಗುವ ಮುಂಚೆ. ನಡುವೆ ಶಾಲೆ, ಆಮೇಲೆ ಖೊಖೊ, ಆಮೇಲೆ ಓದು. ಬೆಳೆಯುವ ಹುಡುಗನ ಹೊಟ್ಟೆ ಹನ್ನೊಂದು ತಾಸಿಗೆ ಕಾಲು ತಾಸು ಕಡಿಮೆ ಖಾಲಿ. ಪಕ್ಕದಲ್ಲಿ ಸಣ್ಣವರು ಉಣ್ಣುವುದನ್ನು ನೋಡುತ್ತ ನಿಲ್ಲಬೇಕು. ಅದರ ಮೇಲೆ ಜಗಳಾಡಿದರೆ ಆ ಊಟವೂ ಬಂದ್. ಹಾಗೆ ಬಂದ್ ಆದವನೇ ಮರುದಿನ ಬೆಳಿಗ್ಗೆ ಬಾಗಿಲ ಮೇಲ್ಭಾಗದಲ್ಲಿ ಗೆರೆಯಾಗುತ್ತಿದ್ದ.

ಮೇಲಿನ ಗೆರೆಗಳಿಗೆ ಇನ್ನೂ ಒಂದು ಕಾರಣ ಇತ್ತು. ಸಣ್ಣ ಹುಡುಗರು ಎಂಟೂವರೆ ಒಂಬತ್ತಕ್ಕೆ ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದರು. ದೊಡ್ಡವರಿಗೆ ಹನ್ನೊಂದರ ತನಕ ಕಣ್ಣು ಹತ್ತುತ್ತಿರಲಿಲ್ಲ. ಬೇಳೆ ನೆನೆಹಾಕುವಾಗ ಅವರ ಪಿಸುಮಾತು ನಮಗೆ ಕೇಳುತ್ತಿತ್ತು. ಬೇಕೆಂದು ಎಚ್ಚರ ಇರುತ್ತಿರಲಿಲ್ಲ, ನಿದ್ದೆಯೇ ಬರುತ್ತಿರಲಿಲ್ಲ. ಆದರೆ ಗಂಟೆ ಸಣ್ಣವರಿಗೂ ದೊಡ್ಡವರಿಗೂ ನಾಲ್ಕೂವರೆಗೆ.

ರಜೆ ಮುಗಿದು ಹುಡುಗರು ಬಂದರು. ಕಬ್ಬಿನ ಸುಗ್ಗಿ ಶುರುವಾಯಿತು. ಬೋರ್ಡಿಂಗಿನ ಮುಂದಿನ ದಾರಿಯಲ್ಲಿ ಎರಡೆರಡು ಟ್ರಾಲಿ ಕಟ್ಟಿದ ಟ್ರ್ಯಾಕ್ಟರುಗಳು ಕಾರ್ಖಾನೆಯತ್ತ ಹೊರಟವು. ಗಿರಣಿಯ ಹತ್ತಿರ ಏರು ಇದೆ. ಅಲ್ಲಿ ಟ್ರ್ಯಾಕ್ಟರ್ ನಡೆಯುವ ಮನುಷ್ಯನಷ್ಟೇ ನಿಧಾನ. ಹುಡುಗರು ಹಿಂದಿನಿಂದ ಓಡಿ, ಎರಡು ಟ್ರಾಲಿಗಳ ನಡುವಿನ ಕೊಂಡಿಯ ಮೇಲೆ ಕಾಲಿಟ್ಟು ಹತ್ತಿ ಕಬ್ಬು ಎಳೆಯುತ್ತಿದ್ದರು.

ಒಂದು ಬುಧವಾರ ನಾಮದೇವ ಹಾಗೆ ಹತ್ತಿದ. ನಾಲ್ಕು ಜನ ಗೆಳೆಯರು ನೋಡುತ್ತ ಸಿಳ್ಳು ಹಾಕುತ್ತಿದ್ದರು. ಕಾಲು ಜಾರಿತು. ಹುಡುಗ ದಾರಿಯ ಬದಿಗೆ ಬಿದ್ದು ಉಳಿದ. ಕಾಲಿನ ಚಪ್ಪಲಿ ಗಾಲಿಯ ಕೆಳಗೆ ಹೋಯಿತು. ವಾರ್ಡನ್ ಗೇಟಿನಲ್ಲಿ ನಿಂತು ಇದನ್ನೆಲ್ಲ ನೋಡಿದರು. ಓಡಿ ಹೋಗಿ ಹುಡುಗನ ಕೈಕಾಲು ಮುಟ್ಟಿ ನೋಡಿದರು, ಅಪ್ಪಚ್ಚಿಯಾದ ಚಪ್ಪಲಿ ಎತ್ತಿಕೊಂಡು ಬಂದರು, ಅದನ್ನು ಮೇಜಿನ ಮೇಲಿಟ್ಟುಕೊಂಡೇ ಸತ್ತೆಪ್ಪನಿಗೆ ಪತ್ರ ಬರೆದರು: ಸೋಮವಾರ ಬಂದು ನಿಮ್ಮ ಮಗನನ್ನು ಕರೆದುಕೊಂಡು ಹೋಗಿರಿ.

ಕರೆದುಕೊಂಡು ಹೋದರೆ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಕಬ್ಬು ಕಡಿಯುವ ಟೋಳಿಯಲ್ಲಿ ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ, ಅಂದರೆ ಒಂದು ಕತ್ತಿ, ಎಂದು ಲೆಕ್ಕ. ದೊಡ್ಡ ಹುಡುಗ ಸೇರಿದರೆ ಅರ್ಧ ಕೊಯ್ತಾ. ಒಂದು ಸುಗ್ಗಿ ಅರ್ಧ ಕೊಯ್ತಾ ಆದವನು ಮುಂದಿನ ಸುಗ್ಗಿಗೆ ಪುಸ್ತಕ ಹಿಡಿದದ್ದನ್ನು ನಾನು ನೋಡಿಲ್ಲ.

ಸೋನಾಬಾಯಿ ಕೈ ತೊಳೆದುಕೊಂಡು ವಾರ್ಡನ್ನರ ಕೋಣೆಗೆ ಹೋದಳು. ನಾನೂ ಹಿಂದೆ ಹೋದೆ.

"ಸರ್, ಒಂದು ಬಾಗಲಾ ತೋರಸೂದೈತಿ ನಿಮಗ."

"ಬಾಗಲಾ?"

"ಉಗ್ರಾಣದ್ರಿ."

ಅವರು ಬಂದು ನೋಡಿದರು. ಅವಳು ಬೆರಳಿಟ್ಟು ಮೇಲೆ, ನಡುವೆ, ಕೆಳಗೆ ಎಂದು ತಿಳಿಸಿದಳು. ವಾರ್ಡನ್ ಒಮ್ಮೆ ಎಣಿಸಿದರು. ಎಣಿಸಿದರು ಎಂಬುದನ್ನು ನಾನು ಗಮನಿಸಿದೆ.

"ಸೋನಾಬಾಯಿ, ಹಸಿವಿ ನನಗೂ ಆಗತೈತಿ. ನಾ ಯಾರಿಗೂ ತಂಬಿಗಿಲೆ ಹೊಡದಿಲ್ಲ."

"ನಿಮಗ ನಲವತ್ತ ವರ್ಷರಿ. ಅವಗ ಹದಿನೈದು."

"ಮತ್ತ ಟ್ರಾಲಿ ಹತ್ತೂದು? ಅದೂ ಹಸಿವಿ ಏನು? ನಾಳಿ ಗಾಲಿ ಬುಡಕ ಅವನೇ ಹ್ವಾದ್ರ ಅವರಪ್ಪಗ ನಾ ಏನ್ ಹೇಳ್ಲಿ? ಚಪ್ಪಲಿ ಕೊಡ್ಲ್ಯಾ?"

ವಾರ್ಡನ್ನರ ಹೆದರಿಕೆ ಖರೆ ಇತ್ತು. "ಅದು ಹಸಿವಿ ಅಲ್ರಿ," ಎಂದಳು. "ಅದು ಬ್ಯಾರೆ. ನಾಳಿ ಐದೂವರಿಗೆ ನನ್ನ ಜೋಡಿ ಗಿರಣಿಗೆ ಬರ್ರಿ. ನಾಡದ ಇನ್ನೊಮ್ಮೆ ಬರ್ರಿ. ಆಮ್ಯಾಲ ನೀವು ಹೇಳಿದಂಗ."

ವಾರ್ಡನ್ ಇನ್ನೊಮ್ಮೆ ಬಾಗಿಲು ನೋಡಿ, "ಬರ್ತೇನಿ," ಎಂದರು.

ಗುರುವಾರ ಸಂಜೆ ನಾವು ಮೂವರೂ ಗಿರಣಿಯ ಒಳಗೆ, ಹಿಟ್ಟಿನ ಧೂಳಿನಲ್ಲಿ, ಕಿಡಕಿಯ ಹತ್ತಿರ ನಿಂತೆವು. ವಾರ್ಡನ್ನರ ಬಿಳಿ ಅಂಗಿ ಇನ್ನೂ ಬಿಳಿಯಾಯಿತು. ಕಾಯುವಾಗ ಸೋನಾಬಾಯಿ, ಯಾರೂ ಕೇಳದೆ, ದಾರಿಯ ಕಡೆ ನೋಡುತ್ತಲೇ ಮಾತಾಡಿದಳು. ಏಳು ವರ್ಷ ಜೊತೆಗಿದ್ದ ನನಗೂ ಅವಳು ಅದನ್ನು ಹೇಳಿರಲಿಲ್ಲ.

"ನನಗ ಒಬ್ಬ ಮಗ ಅದಾನ್ರಿ, ಕಾಕಾಸಾಹೇಬ. ಅವಗೂ ಹದಿನೈದು ಇತ್ತು. ದಿನಾ ತಕರಾರು, ದಿನಾ ಬಾಗಲಾ ಬಡ್ಯೂದು. ನಮ್ಮ ಕಡೆ ಹಿರ್‍ಯಾರು ಅನ್ನೂದು ಒಂದ, ಹೊಟ್ಟಿ ಸುಟ್ರ ಬುದ್ಧಿ ಬರತೈತಿ. ಒಂದಿನಾ ನಾ ಗಂಗಾಳ ಕಸಗೊಂಡ್ನಿ. ಉಣಬ್ಯಾಡ ಹೋಗು ಅಂದ್ನಿ. ಹ್ವಾದ. ಇಚಲಕರಂಜಿಗೆ ಹೋಗಿ ಮಗ್ಗದಾಗ ಸೇರಿದ. ಏಳು ವರ್ಷ ಬರಲಿಲ್ಲ. ಬಂದಾಗ ಗಡ್ಡಾ ಬಂದಿತ್ರಿ. ಬಾಗಲದಾಗ ನಿಂತು, ಅವ್ವಾ, ಊಟಕ್ಕ ಏನೈತಿ ಅಂತ ಕೇಳಿದ."

ಗಿರಣಿಯ ಪಟ್ಟಾ ಪಟಪಟ ಎನ್ನುತ್ತಿತ್ತು.

ಅಷ್ಟರಲ್ಲಿ ನಾಮದೇವ ಬಂದ. ಜೋಳದ ಡಬ್ಬಿ ತಲೆಯ ಮೇಲೆ, ಒಬ್ಬನೇ. ಆ ಡಬ್ಬಿಯನ್ನು ಸೋನಾಬಾಯಿಯೇ ಕೊಟ್ಟು ಕಳಿಸಿದ್ದಳು. ಹಿಂದಿನಿಂದ ಟ್ರ್ಯಾಕ್ಟರ್ ಬಂತು, ಏರಿನಲ್ಲಿ ನಿಧಾನವಾಯಿತು. ಕೈ ಚಾಚಿದರೆ ಕಬ್ಬು ಸಿಗುವಷ್ಟು ಹತ್ತಿರ. ಹುಡುಗ ದಾರಿ ಬಿಟ್ಟು ಬೇಲಿಗೆ ಅಂಟಿ ನಿಂತ, ಎರಡೂ ಟ್ರಾಲಿ ದಾಟುವ ತನಕ ನಿಂತ, ಆ ಕಡೆ ಈ ಕಡೆ ನೋಡಿ ದಾರಿಗೆ ಇಳಿದ. ಮುದುಕನ ಹಾಗೆ.

"ನಾವು ಇಲ್ಲಿ ಅದೇವಿ ಅಂತ ಗೊತ್ತೈತಿ ಅವಗ," ಎಂದರು ವಾರ್ಡನ್.

"ಇಲ್ರಿ. ಶ್ರಾವಣದಿಂದ ಬೀಸೂದಕ್ಕ ಅವನ್ನ ಕಳಸ್ತೇನಿ. ಸುಗ್ಗಿ ಹತ್ತಿದ ಮ್ಯಾಲ ಆರು ಸಲ ಬಂದಾನ. ಆರೂ ಸಲ ಇಲ್ಲೆ ನಿಂತ ನೋಡೇನಿ. ಒಮ್ಮೆನೂ ಹತ್ತಿಲ್ಲ."

ಶುಕ್ರವಾರ ಅವಳು ಐದು ಡಬ್ಬಿ ಕೊಟ್ಟು ನಾಮದೇವನನ್ನೂ ಆ ನಾಲ್ಕು ಗೆಳೆಯರನ್ನೂ ಒಟ್ಟಿಗೆ ಕಳಿಸಿದಳು. ಅದಕ್ಕೆ ಮೊದಲು ಟ್ರ್ಯಾಕ್ಟರ್ ಓಡಿಸುವ ಧೂಳಪ್ಪನಿಗೆ ಹೇಳಿಟ್ಟಿದ್ದಳು: ಹುಡುಗರು ಓಡಿ ಬಂದದ್ದು ಕಂಡ ಕೂಡಲೇ ಗಾಡಿ ನಿಲ್ಲಿಸಬೇಕು. ಧೂಳಪ್ಪ ಹಿಂದೆ ನೋಡಲು ತನ್ನ ಅಣ್ಣನನ್ನು ಕಬ್ಬಿನ ಮೇಲೆ ಕೂರಿಸಿಕೊಂಡಿದ್ದ.

ಐದು ಜನ ನಗುತ್ತ ಬಂದರು. ಟ್ರ್ಯಾಕ್ಟರ್ ಬಂತು. ಯಾವನೋ ಒಬ್ಬ, "ನಾಮ್ಯಾ, ಮೊನ್ನಿ ಬಿದ್ದಿ ಅಂತ ಇವತ್ತ ಅಂಜತೀ ಏನಲೇ?" ಎಂದ. ನಾಮದೇವ ಡಬ್ಬಿ ಕೆಳಗಿಟ್ಟ. ಬುಧವಾರ ಬಿದ್ದವನು, ಮೊಣಕಾಲಿನ ಗಾಯ ಇನ್ನೂ ಹಸಿ ಇದ್ದವನು, ಓಡಿದ. ಕೊಂಡಿಗೆ ಹತ್ತು ಹೆಜ್ಜೆ ಇರುವಾಗಲೇ ಗಾಡಿ ಗಕ್ಕನೆ ನಿಂತಿತು. ಧೂಳಪ್ಪ ಕೆಳಗಿಳಿದು ಬಂದ, ಐದು ಕಬ್ಬು ಎಳೆದ, ಒಬ್ಬೊಬ್ಬನ ಕೈಗೆ ಕೊಟ್ಟ.

"ತೊಗೋರಿ ಸಾವಕಾರ್ರ. ಹಲ್ಲ ಗಟ್ಟಿ ಅದಾವಿಲ್ಲೊ? ಕಾಲ ಹ್ವಾದ್ರ ಮತ್ತ ಬರಂಗಿಲ್ಲ, ಕಬ್ಬ ಕೇಳಿದ್ರ ಬರತೈತಿ."

ಹುಡುಗರು ಕಬ್ಬು ಹಿಡಿದು ನಿಂತರು. ಒಬ್ಬನೂ ತಿನ್ನಲಿಲ್ಲ. ನಾಮದೇವನ ಮುಖದಲ್ಲಿ ಅದೇ ಬೆರಗು.

ಗಿರಣಿಯೊಳಗೆ ವಾರ್ಡನ್ ಕಿಡಕಿಯ ಸರಳು ಹಿಡಿದುಕೊಂಡಿದ್ದರು. "ಅದೇ ಹುಡುಗ," ಎಂದರು. "ಅದೇ ದಾರಿ. ನಿನ್ನೆ ಅಷ್ಟ ಶಾಣ್ಯಾ ಇದ್ದ. ಇವತ್ತ ಬುದ್ಧಿ ಎಲ್ಲಿ ಹೋಗಿತ್ತು?"

"ಎಲ್ಲೂ ಹೋಗಿಲ್ರಿ. ಐತಿ, ಎಳೀದೈತಿ. ನಾಕ ಮಂದಿ ಗೆಳ್ಯಾರು ನೋಡಾಕತ್ತಿದ್ರ ಹಿಂದ ಸರದ ನಿಂದರತೈತಿ. ಹೊಟ್ಟಿ ಖಾಲಿ ಇದ್ರ ಹಿಂದ ಸರೀತೈತಿ, ನಿದ್ದಿ ಇಲ್ಲಂದ್ರ ಹಿಂದ ಸರೀತೈತಿ. ಅದು ಬಲಿಯೂತನಾ ನಾವು ಮುಂದ ನಿಂದರಬೇಕ್ರಿ."

"ಏನ್ ಮಾಡಬೇಕಂತಿ?"

ಅವಳು ಹೇಳಿದ್ದು ಬಹಳ ಇಲ್ಲ. ದೊಡ್ಡ ಹುಡುಗರ ಮೂರು ರೊಟ್ಟಿಯಲ್ಲಿ ಒಂದನ್ನು ಸಂಜೆ ಆರಕ್ಕೆ ಹಿಂಡಿ ಚಟ್ನಿ ಹಚ್ಚಿ ಕೈಗೆ ಕೊಡುವುದು, ಉಳಿದ ಎರಡು ಪಂಕ್ತಿಯಲ್ಲಿ. ಜೋಳ ಒಂದು ಹಿಡಿಯೂ ಹೆಚ್ಚು ಬೇಡ. ದೊಡ್ಡವರು ಏಳುವ ಗಂಟೆ ಬೆಳಿಗ್ಗೆ ಆರಕ್ಕೆ, ನಸುಕಿನ ಓದನ್ನು ಅವರು ರಾತ್ರಿಯೇ ಓದಲಿ. ತಪ್ಪು ಮಾಡಿದವನಿಗೆ ಕೆಲಸ ಹೇಳಿರಿ, ನೀರು ಸೇದಿಸಿರಿ, ಊಟ ಮಾತ್ರ ಕಸಿಯಬೇಡಿರಿ. ಸುಗ್ಗಿ ಮುಗಿಯುವ ತನಕ ಆ ದಾರಿಯಲ್ಲಿ ಒಬ್ಬೊಬ್ಬನೇ ಹೋಗಲಿ, ಗುಂಪಾದರೆ ಜೊತೆಗೆ ಒಬ್ಬ ದೊಡ್ಡ ಮನುಷ್ಯ ಇರಲಿ.

ವಾರ್ಡನ್ ಅಂಗಿ ಜಾಡಿಸಿಕೊಂಡರು. "ಶನಿವಾರದಿಂದ ಮಾಡೂಣು," ಎಂದರು. "ಆದ್ರ ಪತ್ರ ಹೋಗೇತಿ. ಅವರಪ್ಪ ಬರ್ತಾನ."

ಸೋಮವಾರ ಹತ್ತು ಗಂಟೆಗೆ ಮುಂಚೆಯೇ ಸತ್ತೆಪ್ಪ ಬಂದ. ಪತ್ರ ಅಂಗಿಯ ಕಿಸೆಯಲ್ಲಿ, ಚೀಲದಲ್ಲಿ ಬಟ್ಟೆ ಸುತ್ತಿದ ಕೊಯ್ತಾ. ವಾರ್ಡನ್ ಅವನಿಗೆ ಕುರ್ಚಿ ಕೊಟ್ಟು, ತಾವು ಅವಸರ ಮಾಡಿದ್ದಾಗಿ ಹೇಳಿ, ಹುಡುಗ ಇಲ್ಲೇ ಇರಲಿ ಎಂದರು. ಸತ್ತೆಪ್ಪ ಕುರ್ಚಿಯಲ್ಲಿ ಕೂರಲಿಲ್ಲ. "ಟೋಳಿ ನಡಸೂ ಮುಕಾದಮಗ ಎರಡೂವರಿ ಕೊಯ್ತಾ ಅಂತ ಹೇಳೇನ್ರಿ," ಎಂದ. "ನಾವಿಬ್ರು, ನನ್ನ ತಮ್ಮ ಅವನ ಹೆಂಡ್ತಿ, ಇಂವಾ ಅರ್ಧ. ಆದ್ರೂ ಇಟಗೋತೀರಿ ಅಂದ್ರ ಬಿಟ್ಟ ಹೋಗತೇನಿ. ಅವನ್ನ ಕೇಳ್ರಿ."

ನಾಮದೇವ ಬಾಗಿಲಲ್ಲಿ ನಿಂತಿದ್ದ. ಕಣ್ಣು ನೆಲದ ಮೇಲೆ. "ನಾ ಇಲ್ಲಿ ಇರಂಗಿಲ್ಲ," ಎಂದ. "ಹೋಗತೇನಿ. ಎಲ್ಲಾರೂ ನಗತಾರ."

ಇದನ್ನು ನಾವು ಯಾರೂ ಎಣಿಸಿರಲಿಲ್ಲ. ವಾರ್ಡನ್ ಬಾಯಿ ತೆರೆದರು. ಅವರು ಏನಂದಿದ್ದರೂ ಹುಡುಗ ಅದಕ್ಕೆ ಎದುರಾಡುತ್ತಿದ್ದ, ಎದುರಾಡಿದ ಮೇಲೆ ಹಿಂದೆ ಸರಿಯುತ್ತಿರಲಿಲ್ಲ. ಸೋನಾಬಾಯಿ ನಡುವೆ ಬಂದಳು. ಬೇಡ ಅನ್ನಲಿಲ್ಲ, ಇರು ಅನ್ನಲಿಲ್ಲ.

"ಹೋಗಾಂವ ಇದ್ರ ಹೋಗಪಾ. ಉಂಡ ಹೋಗು. ನಿಮ್ಮಪ್ಪನೂ ಬೆಳಗಮುಂಜಾನೆ ನಡದ ಬಂದಾನ. ಇಬ್ರೂ ಕುಂಡ್ರರಿ."

ಪಂಕ್ತಿ ಶುರುವಾಗಿರಲಿಲ್ಲ. ಒಲೆಯ ಹತ್ತಿರವೇ ಇಬ್ಬರಿಗೂ ಮಣೆ ಹಾಕಿದಳು. ನಾನು ಬಡಿದೆ, ಅವಳು ಬೇಯಿಸಿ ನೀಡಿದಳು. ಆ ಹೊತ್ತು ಲೆಕ್ಕವಿಲ್ಲ. ಆದರೂ ಎಣಿಸಿದ್ದೇನೆ: ಸತ್ತೆಪ್ಪ ಮೂರು, ನಾಮದೇವ ಐದು. ಮೊದಲಿನ ಎರಡು ರೊಟ್ಟಿಗೆ ಹುಡುಗ ತಲೆ ಎತ್ತಲಿಲ್ಲ. ಮೂರನೆಯದಕ್ಕೆ, "ಮಾವಶಿ, ಖಾರ ಹೆಚ್ಚಾಗೇತಿ," ಎಂದ. ನಾಲ್ಕನೆಯದಕ್ಕೆ ಅಪ್ಪನ ಕಡೆ ನೋಡಿ, ಅವ್ವನ ಸೊಂಟನೋವು ಹೇಗಿದೆ ಎಂದು ಕೇಳಿದ. ಐದನೆಯದನ್ನು ಮುರಿಯುತ್ತ, ಯಾರಿಗೂ ಅಲ್ಲ ಎಂಬಂತೆ, "ಗುರುವಾರ ಗಣಿತ ಪರೀಕ್ಷಾ ಐತಿ," ಎಂದ.

ಸತ್ತೆಪ್ಪ ಸೋನಾಬಾಯಿಯ ಮುಖ ನೋಡಿದ. ಅವಳು ಒಲೆ ನೋಡುತ್ತಿದ್ದಳು.

"ಪರೀಕ್ಷಾ ಬರದ ಬರ್ತೀ ಏನು?" ಎಂದು ಸತ್ತೆಪ್ಪ ಕೇಳಿದ.

"ಬರೀತೇನಿ. ಆಮ್ಯಾಲ ನೋಡೂಣು."

ಆಮೇಲೆ ಯಾರೂ ನೋಡಲಿಲ್ಲ. ಸತ್ತೆಪ್ಪ ಕೈ ತೊಳೆದು, ಚೀಲ ಹೆಗಲಿಗೇರಿಸಿ, ಎರಡು ಕೊಯ್ತಾದ ಟೋಳಿಗೆ ಹೊರಟ. ಹೊಸ ಚಪ್ಪಲಿಗೆಂದು ಮಗನ ಕಾಲಿನ ಅಳತೆಯನ್ನು ಒಂದು ದಾರದಲ್ಲಿ ತೆಗೆದುಕೊಂಡು ಹೋದ.

ಬಾಗಿಲ ಹಿಂದಿನ ಗೆರೆಗಳನ್ನು ಸೋನಾಬಾಯಿ ಅಂದೇ ಒರೆಸಿ ಹೊಸದಾಗಿ ಶುರುಮಾಡಿದಳು. ಮೊದಲಿನಷ್ಟೇ ದಿನ, ಆ ಸೋಮವಾರದಿಂದ ಸಂಕ್ರಾಂತಿ ದಾಟುವವರೆಗೆ. ಹದಿನಾಲ್ಕು ಗೆರೆಯಾದವು. ಸೊನ್ನೆಯಾಗಲಿಲ್ಲ, ಆಗುತ್ತದೆ ಎಂದು ಅವಳೂ ಹೇಳಿರಲಿಲ್ಲ. ಹದಿನಾಲ್ಕರಲ್ಲಿ ಮೂರು ನಾಮದೇವನವೇ. ಕಂದೀಲಿನ ಗಾಜು ಇನ್ನೊಂದು ಹೋಯಿತು. ಆ ವಾರ ಬೋರ್ಡಿಂಗಿನ ನೀರೆಲ್ಲ ಅವನೇ ಸೇದಿದ, ಉಂಡು ಸೇದಿದ. ಎಂಬತ್ತೆಂಟರಲ್ಲಿ ಎರಡನೆಯ ದರ್ಜೆಯಲ್ಲಿ ಹತ್ತನೆಯ ಇಯತ್ತೆ ಪಾಸಾದ, ಆಮೇಲೆ ಐಟಿಐ ಕಲಿತು ಒಂದು ಸಕ್ಕರೆ ಕಾರ್ಖಾನೆಯ ವರ್ಕಶಾಪಿಗೆ ಸೇರಿದ. ಟ್ರಾಲಿಯ ಕೊಂಡಿಗಳನ್ನು ಬೆಸೆಯುವುದು ಅವನ ಕೆಲಸ ಎಂದು ಕೇಳಿದ್ದೇನೆ.

ತೊಂಬತ್ನಾಲ್ಕರಲ್ಲಿ ಬಾಹುಬಲಿ ಎಂಬ ಡಾಕ್ಟರರೊಬ್ಬರು ಬೋರ್ಡಿಂಗಿಗೆ ಬಂದು ಹುಡುಗರ ಆರೋಗ್ಯದ ಬಗ್ಗೆ ಮಾತಾಡಿದರು. ಈ ವಯಸ್ಸಿನಲ್ಲಿ ಮೈ ಮೊದಲು ಬಲಿಯುತ್ತದೆ, ಮೆದುಳು ಆಮೇಲೆ. ಮುಂದಾಲೋಚನೆ ಮಾಡುವ ಭಾಗವಂತೂ ಎಲ್ಲಕ್ಕಿಂತ ಕೊನೆಗೆ, ಇಪ್ಪತ್ತು ದಾಟಬೇಕು ಎಂದರು. ನಾವಿಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದೆವು. ವಿರುಪಾಕ್ಷಪ್ಪನವರು ತಿರುಗಿ ಸೋನಾಬಾಯಿಯ ಕಡೆ ನೋಡಿದರು. ಅವಳು ನನ್ನ ಕಿವಿಯಲ್ಲಿ, "ಇಪ್ಪತ್ತ ದಾಟೂತನಾ ಅಂದ್ರ, ಅಕ್ಕವ್ವಾ, ರೊಟ್ಟಿ ಭಾಳ ಆದವು," ಎಂದಳು.

ತೊಂಬತ್ತೇಳರಲ್ಲಿ ಅವಳು ಕೆಲಸ ಬಿಟ್ಟು ಕೊಗನೊಳ್ಳಿಗೆ, ಮಗನ ಮನೆಗೆ ಹೋದಳು. ಮರುವರ್ಷ ನಾನು ನೋಡಲು ಹೋಗಿದ್ದೆ. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದೆವು. ಅವಳ ಮೊಮ್ಮಗ, ಹದಿನಾಲ್ಕರವನು, ಶಾಲೆಯಿಂದ ಬಂದು ಪಾಟಿಚೀಲವನ್ನು ಗೋಡೆಗೆ ಎಸೆದ. ಯಾಕೋ ಎಂದು ಅವನ ಅವ್ವ ಕೇಳಿದ್ದಕ್ಕೆ, ಬಾಯಿಗೆ ಬಂದದ್ದು ಅಂದ. ಕಾಕಾಸಾಹೇಬ ಅಂಗಳದಿಂದ ಎದ್ದು ಬಂದ. ದೊಡ್ಡ ಆಳು, ಗಡ್ಡ ಅರ್ಧ ಬೆಳ್ಳಗಾಗಿತ್ತು. ಹೊಡೆಯುತ್ತಾನೆ ಎಂದುಕೊಂಡು ನಾನು ಮೊರ ಕೆಳಗಿಟ್ಟೆ.

ಅವನು ಮೇಲೆ ತೂಗಿದ್ದ ಸಿಕ್ಕದಿಂದ ರೊಟ್ಟಿಯ ಬುಟ್ಟಿ ಇಳಿಸಿ ಮಗನ ಮುಂದಿಟ್ಟ.

"ಮೊದಲ ಉಣ್ಣು," ಎಂದ. "ಆಮ್ಯಾಲ ಕುಂತ ಜಗಳಾ ಮಾಡೂಣು."

ಸೋನಾಬಾಯಿ ತಲೆ ಎತ್ತಲಿಲ್ಲ. ಮೊರದಲ್ಲಿದ್ದ ಒಂದು ಹರಳನ್ನು ಆರಿಸಿ ಅಂಗಳಕ್ಕೆ ಎಸೆದಳು.